ಒಟ್ಟೊನ ಬೇಲಿ ಹಾರಿದ ಎಂಜಿನ್‌ಗಳು

(ಬನ್ನೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಆಲೆಮನೆಯಲ್ಲಿ ಕಬ್ಬಿನ ಗಾಣ ತಿರುಗಿಸುವ ಆಯಿಲ್ ಎಂಜಿನ್ನಿನ ಸದ್ದನ್ನೂ ರಸ್ತೆಯಲ್ಲಿ ಹೋಗುವ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಸದ್ದನ್ನೂ ಕಣ್ಣು ಮುಚ್ಚಿಕೊಂಡೇ ಬೇರೆ ಮಾಡಿ ಹೇಳಬಲ್ಲವರು ಬನ್ನೂರಿನ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ನಿಧಾನವಾಗಿ, ಲೆಕ್ಕ ಹಾಕಿದಂತೆ ಟುಕ್ ಟುಕ್ ಎನ್ನುತ್ತದೆ. ಇನ್ನೊಂದು ಅವಸರದಲ್ಲಿ ಪಟಪಟ ಎನ್ನುತ್ತದೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಗಾಣದ ಎಂಜಿನ್ನಿನ ಗಾಲಿ ಎರಡು ಸುತ್ತು ಬಂದರೆ ಒಳಗೆ ಒಂದು ಸಲ ಬೆಂಕಿ ಹತ್ತುತ್ತದೆ. ಜಾವಾದ್ದು ಪ್ರತಿ ಸುತ್ತಿಗೂ ಹತ್ತುತ್ತದೆ. ಈ ಭೇದದ ಹಿಂದೆ ಯಂತ್ರಶಾಸ್ತ್ರ ಎಷ್ಟಿದೆಯೋ ಕೋರ್ಟು ಕಚೇರಿಯ ವ್ಯಾಜ್ಯವೂ ಅಷ್ಟೇ ಇದೆ.

ಮೊದಲು ಸಾಧಾರಣ ಎಂಜಿನ್ನು ಯಾವುದು ಎಂದು ತಿಳಿದರೆ ವಿಚಿತ್ರ ಎಂಜಿನ್ನು ಯಾವುದೆಂದು ತಿಳಿಯುತ್ತದೆ. ಒಂದು ಸಿಲಿಂಡರು, ಅಂದರೆ ಒಳಗೆ ನುಣುಪಾದ ಕೊಳವೆ. ಅದರೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು. ಕನ್ನಡದ ಹಳೆಯ ವಿಜ್ಞಾನ ಪುಸ್ತಕಗಳು ಇದನ್ನು 'ಆಡುಬೆಣೆ' ಎಂದು ಕರೆದದ್ದುಂಟು, ಹೆಸರು ಚೆನ್ನಾಗಿಯೇ ಇದೆ. ಈ ಬೆಣೆ ಮೊದಲ ಸಲ ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಎಳೆದುಕೊಳ್ಳುತ್ತದೆ. ಮೇಲೇರಿ ಅದನ್ನು ಅದುಮುತ್ತದೆ. ಕಿಡಿ ಹಾರಿ ಸಿಡಿದಾಗ ಮತ್ತೆ ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ನಾಲ್ಕನೆಯ ಸಲ ಮೇಲೇರಿ ಹೊಗೆಯನ್ನು ಹೊರಕ್ಕೆ ದೂಡುತ್ತದೆ. ಗಾಳಿ ಬರುವ ಬಾಗಿಲು, ಹೊಗೆ ಹೋಗುವ ಬಾಗಿಲು ಎರಡೂ ಸಿಲಿಂಡರಿನ ತಲೆಯ ಮೇಲಿರುತ್ತವೆ. ಇವೇ ವಾಲ್ವುಗಳು. ಈ ನಾಲ್ಕು ನಡೆಗಳಲ್ಲಿ ದುಡಿಯುವುದು ಒಂದೇ ಒಂದು. ಉಳಿದ ಮೂರು ಮನೆಯಲ್ಲಿ ಕೂತು ಉಣ್ಣುವಂಥವು. ಒಬ್ಬನ ದುಡಿಮೆಯಲ್ಲಿ ನಾಲ್ವರ ಸಂಸಾರ ನಡೆಯಬೇಕಾದರೆ ಉಳಿತಾಯ ಬೇಕಲ್ಲ, ಅದಕ್ಕಾಗಿ ಆ ಭಾರದ ಗಾಲಿ, ಫ್ಲೈವೀಲು. ಡೀಸೆಲ್ಲಿನ ಆಯಿಲ್ ಎಂಜಿನ್ನಿನಲ್ಲಿ ಕಿಡಿಯ ಬದಲು ಅದುಮಿದ ಗಾಳಿಯ ಶಾಖವೇ ಬೆಂಕಿ ಹಚ್ಚುತ್ತದೆ. ನಡೆಗಳು ಮಾತ್ರ ಅವೇ ನಾಲ್ಕು.

ಈ ನಾಲ್ಕು ನಡೆಯ ಎಂಜಿನ್ನನ್ನು ಕೆಲಸಕ್ಕೆ ಬರುವಂತೆ ಕಟ್ಟಿದವನು ಜರ್ಮನಿಯ ನಿಕೋಲಸ್ ಒಟ್ಟೊ, 1876ರಲ್ಲಿ. ಮಾರನೆಯ ವರ್ಷ ಅವನಿಗೆ ಪೇಟೆಂಟು ಸಿಕ್ಕಿತು. ಅಂದರೆ, ನಾಲ್ಕು ನಡೆಯ ಎಂಜಿನ್ನು ಮಾಡುವವರೆಲ್ಲ ಅವನಿಗೆ ಕಾಣಿಕೆ ಒಪ್ಪಿಸಬೇಕು. ಫ್ರಾನ್ಸಿನ ಬೋ ದ ರೋಷಾ 1862ರಲ್ಲೇ ಇದೇ ತತ್ವವನ್ನು ಬರೆದಿಟ್ಟಿದ್ದನೆಂದು ಎದುರಾಳಿಗಳು ತೋರಿಸಿದ ಮೇಲೆ ಜರ್ಮನಿಯಲ್ಲಿ 1886ರಲ್ಲಿ ಆ ಪೇಟೆಂಟು ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ ಮಾತ್ರ ಬೇಲಿ ಗಟ್ಟಿಯಾಗಿಯೇ ಉಳಿಯಿತು. ಹೀಗಾಗಿ ಆ ಕಾಲದ ಇಂಗ್ಲಿಷ್ ಕುಶಲಕರ್ಮಿಗಳು ಬೇಲಿ ಮುರಿಯದೆ ಹಾರುವ ಉಪಾಯ ಹುಡುಕತೊಡಗಿದರು. ಎಂಜಿನ್ನು ಬೇಕು, ಆದರೆ ಅದು ಒಟ್ಟೊನದು ಎನ್ನುವಂತಿರಬಾರದು! ಚರಿತ್ರೆಯಲ್ಲಿ 'ವಿಚಿತ್ರ' ಎನಿಸಿಕೊಂಡ ಎಂಜಿನ್ನುಗಳಲ್ಲಿ ಹಲವು ಹುಟ್ಟಿದ್ದು ಹೀಗೆ. ಅವುಗಳಲ್ಲಿ ಎರಡರ ವಂಶ ಕಾವೇರಿ ಸೀಮೆಯವರೆಗೂ ಬಂದಿದೆ. ಒಂದು ಮೈಸೂರಿನ ಯಾದವಗಿರಿಗೆ, ಇನ್ನೊಂದು ಬಿಡದಿಗೆ.

ಯಾದವಗಿರಿಗೆ ಬಂದದ್ದರ ಮೂಲಪುರುಷ ಜೋಸೆಫ್ ಡೇ, ಇಂಗ್ಲೆಂಡಿನ ಬಾತ್ ಎಂಬ ಊರಿನವನು. ಎರಡೇ ನಡೆಯಲ್ಲಿ ಕೆಲಸ ಮುಗಿಸುವ ಎಂಜಿನ್ನನ್ನು ಅವನಿಗಿಂತ ಮೊದಲೇ ಡುಗಾಲ್ಡ್ ಕ್ಲರ್ಕ್ ಎಂಬಾತ ಮಾಡಿದ್ದ. ಆದರೆ ಕ್ಲರ್ಕನ ಎಂಜಿನ್ನಿಗೆ ಗಾಳಿ ತುಂಬಲು ಪಕ್ಕದಲ್ಲಿ ಇನ್ನೊಂದು ಪಂಪು ಬೇಕಾಗಿತ್ತು. ಡೇ ಆ ಪಂಪನ್ನೇ ತೆಗೆದುಹಾಕಿದ. ಪಿಸ್ಟನ್ನಿನ ಕೆಳಗೆ ಮೊಣಕಾಲಿನಂಥ ದಂಡ ತಿರುಗುವ ಪೆಟ್ಟಿಗೆ ಹೇಗೂ ಇದೆಯಲ್ಲ, ಅದನ್ನು ಭದ್ರವಾಗಿ ಮುಚ್ಚಿದರೆ ಪಿಸ್ಟನ್ನಿನ ಕೆಳಭಾಗವೇ ಪಂಪಾಗುತ್ತದೆ. ಅವನ ಕಾರ್ಖಾನೆಯ ಕೆಲಸಗಾರ ಫ್ರೆಡರಿಕ್ ಕಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಮಿಶ್ರಣ ಒಳಬರುವ ರಂಧ್ರವನ್ನು ಮುಚ್ಚಿ ತೆರೆಯುವ ಕೆಲಸವನ್ನೂ ಪಿಸ್ಟನ್ನಿಗೇ ವಹಿಸಿದ. ಅಲ್ಲಿಗೆ ಎಂಜಿನ್ನಿನಲ್ಲಿ ಆಡುವ ಮುಖ್ಯ ಭಾಗಗಳು ಮೂರಕ್ಕಿಳಿದವು: ಪಿಸ್ಟನ್ನು, ಅದನ್ನು ಹಿಡಿದ ಕನೆಕ್ಟಿಂಗ್ ರಾಡು, ತಿರುಗುವ ದಂಡ. ವಾಲ್ವಿಲ್ಲ, ವಾಲ್ವು ಎತ್ತುವ ಸರಂಜಾಮಿಲ್ಲ. ಇಷ್ಟು ಸರಳವಾದ ವಸ್ತುವನ್ನು ಜಗತ್ತಿಗೆ ಕೊಟ್ಟ ಡೇ, ತನ್ನ ಹಣವನ್ನು ಎಣ್ಣೆ ಬಾವಿ ಹುಡುಕುವುದರಲ್ಲಿ ಕಳೆದುಕೊಂಡು, ಯಾರ ನೆನಪಿನಲ್ಲೂ ಉಳಿಯದೆ 1946ರಲ್ಲಿ ತೀರಿಕೊಂಡ.

ಡೇ ಎಂಜಿನ್ನಿನಲ್ಲಿ ಒಂದು ತೊಡಕಿತ್ತು. ಹೊಸ ಮಿಶ್ರಣ ಒಳಬರುವುದೂ ಹಳೆಯ ಹೊಗೆ ಹೊರಹೋಗುವುದೂ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ನಡೆಯಬೇಕು. ಸಂತೆಯ ದಿನ ಬಸ್ಸಿನ ಒಂದೇ ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ಕೂಡಿದ ಹಾಗೆ. 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನೂರ್ಲೆ ಒಳಬರುವ ರಂಧ್ರಗಳನ್ನು ಓರೆಯಾಗಿ ಕೊರೆಯುವ ಉಪಾಯ ಕಂಡುಹಿಡಿದ. ಬಂದ ಮಿಶ್ರಣ ಎದುರು ಗೋಡೆಗೆ ಬಡಿದು, ಮೇಲೇರಿ, ಸುತ್ತು ಹಾಕಿ, ಹಳೆಯ ಹೊಗೆಯನ್ನು ಮುಂದಕ್ಕೆ ದಬ್ಬಿಕೊಂಡು ಬರುತ್ತದೆ. ಮೋಟಾರ್ ಸೈಕಲ್ಲಿಗೆ ಟೂ ಸ್ಟ್ರೋಕ್ ಎಂಜಿನ್ನು ನಿಜವಾಗಿ ಒಗ್ಗಿದ್ದು ಇದಾದ ಮೇಲೆ.

ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರಿನ ಮೊದಲೆರಡು ಅಕ್ಷರ ಸೇರಿಸಿ 'ಜಾವಾ' ಎಂದು ಹೆಸರಿಟ್ಟ. ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂಬಯಿಯ ಪಾರ್ಸಿ ಮನೆತನದ ಇರಾನಿಯವರು ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. 1950ರ ದಶಕದಲ್ಲಿ ಸರ್ಕಾರ ಆಮದಿಗೆ ಅಡ್ಡಿ ಹಾಕಿದಾಗ, ಇಲ್ಲೇ ತಯಾರಿಸುವುದೊಂದೇ ದಾರಿ ಉಳಿಯಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರನ್ನು ಆರಿಸಿಕೊಂಡರು. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಆರಂಭಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಹಳ್ಳಿಗಳಲ್ಲಿ ಯೆಜ್ಡಿಯನ್ನೂ ಜಾವಾ ಎನ್ನುವವರು ಕಡಿಮೆಯೇನಿರಲಿಲ್ಲ.

ಆ ಗಾಡಿಯ ಎಂಜಿನ್ನನ್ನು ಗಮನಿಸಿ. ಸಿಲಿಂಡರು ಒಂದೇ, ಸುಮಾರು 250 ಸಿ.ಸಿ. ಅದಕ್ಕೆ ಹೊಗೆಕೊಳವೆ ಎರಡು! ನೋಡಿದವರು ಎರಡು ಸಿಲಿಂಡರಿದೆ ಎಂದು ಮೋಸಹೋಗಬೇಕು. ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಅಗಲಕ್ಕಿಂತ ಉದ್ದ ಹೆಚ್ಚಾದ್ದರಿಂದ ನಿಧಾನದಲ್ಲೂ ಎಳೆತ ಚೆನ್ನಾಗಿತ್ತು. ಕಿಕ್ಕರು ಬೇರೆ, ಗೇರು ಬೇರೆ ಎಂಬುದಿಲ್ಲ. ಒಂದೇ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಎಂಜಿನ್ನು ಎದ್ದ ಮೇಲೆ ಮತ್ತೆ ಇಳಿಸಿದರೆ ಗೇರು. ಆ ಲಿವರನ್ನು ಕಾಲಿನಲ್ಲಿ ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಇತ್ತು. ಚೈನಿಗೆ ಪೂರ್ತಿ ಮುಚ್ಚಳ. ಗದ್ದೆಯ ಕೆಸರು, ಧೂಳು ಹತ್ತುವಂತಿರಲಿಲ್ಲ. ಬನ್ನೂರಿಗಾಗಲಿ ತಿರುಮಕೂಡಲು ನರಸೀಪುರಕ್ಕಾಗಲಿ ರೈಲಿಲ್ಲ. ಮೈಸೂರು ಇಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಬಸ್ಸಿನ ಹೊತ್ತಿಗೆ ಕಾಯದೆ ಪೇಟೆಗೆ ಹೋಗಿಬರಬೇಕಾದವನಿಗೆ ಇಂಥ ಗಾಡಿ ಎಷ್ಟು ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ದೊಡ್ಡ ಅನುಕೂಲವೆಂದರೆ ರಿಪೇರಿ. ನಾಲ್ಕಾರು ನಟ್ಟು ಬಿಚ್ಚಿದರೆ ಸಿಲಿಂಡರಿನ ಹೆಡ್ಡು ಕೈಗೆ ಬರುತ್ತದೆ. ಪಿಸ್ಟನ್ನಿನ ತಲೆಗೆ ಕಟ್ಟಿದ ಕರಿಯನ್ನು ಕೆರೆಯುವುದು, ಹೊಗೆಕೊಳವೆಯನ್ನು ಬೆಂಕಿಯಲ್ಲಿಟ್ಟು ಸುಡುವುದು, ಪ್ಲಗ್ಗು ಒರೆಸುವುದು, ಪಾಯಿಂಟು ಉಜ್ಜುವುದು, ಇವಿಷ್ಟು ಗೊತ್ತಿದ್ದವನು ಮರದಡಿಯಲ್ಲೇ ಗ್ಯಾರೇಜು ತೆರೆಯಬಹುದಾಗಿತ್ತು. ಸಿಲಿಂಡರು ಸವೆದರೆ ಲೇತ್ ಅಂಗಡಿಯಲ್ಲಿ ಬೋರು ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಿದರೆ ಮುಗಿಯಿತು. ಯಂತ್ರವನ್ನು ಕೊಳ್ಳುವುದು ಬೇರೆ, ಯಂತ್ರ ತನ್ನದಾಗುವುದು ಬೇರೆ. ಈ ಸೀಮೆಯ ಎಷ್ಟೋ ಮೆಕ್ಯಾನಿಕ್ಕುಗಳ ಪಾಲಿಗೆ ಟೂ ಸ್ಟ್ರೋಕ್ ಎಂಜಿನ್ನೇ ಪಾಠಶಾಲೆಯಾಗಿತ್ತು.

ಸರಳತೆಗೆ ಬೆಲೆಯೂ ಇತ್ತು. ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಯೇ ಪಂಪಾದ್ದರಿಂದ ಅಲ್ಲಿ ಎಣ್ಣೆ ತುಂಬಿಸಿಡುವಂತಿಲ್ಲ. ಆದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು: ಇಪ್ಪತ್ತೋ ಇಪ್ಪತ್ತೈದೋ ಪಾಲು ಪೆಟ್ರೋಲಿಗೆ ಒಂದು ಪಾಲು. ಆ ಎಣ್ಣೆ ಸವೆತ ತಡೆದು, ಕೊನೆಗೆ ತಾನೂ ಅರೆಬೆಂದು ನೀಲಿ ಹೊಗೆಯಾಗಿ ಹೊರಬರುತ್ತದೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ನಿಂತು ಪಿಸ್ಟನ್ನು ಹಿಡಿದುಕೊಳ್ಳುವ ಭಯ. ತಿಳಿದ ಸವಾರರು ನಡುನಡುವೆ ಕೈ ತಿರುಗಿಸಿ ಒಂದಿಷ್ಟು ಎಣ್ಣೆ ಕುಡಿಸುತ್ತಿದ್ದರು.

ಎಣ್ಣೆಯ ಹೊಗೆ ಕಣ್ಣಿಗೆ ಕಾಣುವ ದೋಷ. ಕಾಣದ ದೋಷ ಇನ್ನೂ ದೊಡ್ಡದು. ಹಳೆಯ ಹೊಗೆಯನ್ನು ಹೊಸ ಮಿಶ್ರಣವೇ ದಬ್ಬಬೇಕಲ್ಲ, ದಬ್ಬುವ ಭರದಲ್ಲಿ ಅದೂ ಒಂದಿಷ್ಟು ಹೊಗೆಕೊಳವೆಯ ಪಾಲಾಗುತ್ತದೆ. ಇಂಥ ಎಂಜಿನ್ನುಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಪೆಟ್ರೋಲು ಉರಿಯದೆಯೇ ಹೊರಹೋಗುವುದು ಅಪರೂಪವಲ್ಲ. ಸವಾರನ ಜೇಬಿಗೆ ನಷ್ಟ, ಹಿಂದೆ ಬರುವವನ ಎದೆಗೆ ಕೇಡು. 1985ರಲ್ಲಿ ಹೀರೊ ಹೋಂಡಾದ ನಾಲ್ಕು ನಡೆಯ ಚಿಕ್ಕ ಬೈಕು ಬಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಪ್ರಶ್ನೆಯನ್ನು ಮನೆಮನೆಯಲ್ಲೂ ಎಬ್ಬಿಸಿತು. ಕೇಂದ್ರ ಸರ್ಕಾರ ಹೊಗೆಯ ಮಿತಿಯನ್ನು 1991ರಲ್ಲಿ ವಿಧಿಸಿ, 1996ರಲ್ಲಿ ಬಿಗಿ ಮಾಡಿ, 2000ದಲ್ಲಿ ಮತ್ತಷ್ಟು ಬಿಗಿ ಮಾಡಿತು. ಯಾದವಗಿರಿಯ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೊಗೆಯೊಂದೇ ಕಾರಣವೆಂದರೆ ತಪ್ಪು. ಮಾರುಕಟ್ಟೆಯ ಪೈಪೋಟಿ, ಕಾರ್ಮಿಕರ ತಕರಾರು ಎಲ್ಲ ಕೂಡಿದವು. ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ಸಂಸಾರಗಳ ಕಷ್ಟ ಮೈಸೂರಿಗೆ ಗೊತ್ತು. ಹಾಗೆಂದು ಹೊಗೆಯ ಕಾನೂನನ್ನು ದೂರುವುದು ನ್ಯಾಯವಲ್ಲ. ಮಗುವನ್ನು ಮುಂದೆ ಕೂರಿಸಿಕೊಂಡು ಆ ನೀಲಿ ಹೊಗೆಯ ಹಿಂದೆ ಹೋದವರು ಯಾರೂ ದೂರಲಾರರು.

ಇಲ್ಲೊಂದು ಮಾತು ಹೇಳದಿದ್ದರೆ ಎರಡು ನಡೆಯ ತತ್ವಕ್ಕೇ ಅನ್ಯಾಯವಾಗುತ್ತದೆ. ಸಮುದ್ರದ ಮೇಲೆ ಓಡಾಡುವ ದೊಡ್ಡ ದೊಡ್ಡ ಸರಕು ಹಡಗುಗಳನ್ನು ನೂಕುವ ಎಂಜಿನ್ನೂ ಟೂ ಸ್ಟ್ರೋಕೇ. ಮನೆಯಷ್ಟು ಎತ್ತರ, ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು. ಉರಿಸಿದ ಎಣ್ಣೆಯ ಶಕ್ತಿಯಲ್ಲಿ ಅರ್ಧದಷ್ಟನ್ನು ಕೆಲಸವಾಗಿ ಮಾರ್ಪಡಿಸುವ ಇಂಥ ಎಂಜಿನ್ನುಗಳನ್ನು ಮಿತವ್ಯಯದಲ್ಲಿ ಮೀರಿಸಿದವು ಇಲ್ಲವೆಂದೇ ಹೇಳಬೇಕು. ಅಲ್ಲಿ ಹೊಗೆಯನ್ನು ದಬ್ಬುವುದು ಬರೀ ಗಾಳಿ. ಬಾಗಿಲು ಮುಚ್ಚಿದ ಮೇಲೆ ಎಣ್ಣೆ ಚಿಮ್ಮಿಸುತ್ತಾರೆ. ಆದ್ದರಿಂದ ಉರಿಯದ ಎಣ್ಣೆ ಓಡಿಹೋಗುವ ಪ್ರಶ್ನೆಯೇ ಇಲ್ಲ. ಅಂದರೆ ಜಾವಾವನ್ನು ಸೋಲಿಸಿದ್ದು ಎರಡು ನಡೆಯಲ್ಲ, ಪೆಟ್ರೋಲನ್ನು ಗಾಳಿಯ ಜೊತೆ ಮೊದಲೇ ಬೆರೆಸುವ ಅಗ್ಗದ ಕಾರ್ಬ್ಯುರೇಟರು. ಅದನ್ನು ತೆಗೆದು ಚಿಮ್ಮಿಸುವ ಯಂತ್ರ ಹಾಕಿದ್ದರೆ ಗಾಡಿ ಉಳಿಯುತ್ತಿತ್ತೇನೋ. ಆದರೆ ಮರದಡಿಯ ಗ್ಯಾರೇಜು ಉಳಿಯುತ್ತಿರಲಿಲ್ಲ.

ಎಲ್ಲ ವೈಚಿತ್ರ್ಯವೂ ಪೇಟೆಂಟಿನಿಂದ ಹುಟ್ಟಿದ್ದಲ್ಲ. ಎಂಜಿನ್ನು ಕೂರುವ ಜಾಗವೂ ಅದರ ಆಕಾರವನ್ನು ತಿರುಗಿಸಿಬಿಡುತ್ತದೆ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟಿನಲ್ಲಿ ವಿ. ಎಂ. ಘಾಟಗೆಯವರ ಮುಂದಾಳ್ತನದಲ್ಲಿ ರೂಪುಗೊಂಡು 1951ರ ಆಗಸ್ಟಿನಲ್ಲಿ ಹಾರಿದ ತರಬೇತಿ ವಿಮಾನ ಎಚ್.ಟಿ.-2ರ ಎಂಜಿನ್ನು ತಲೆಕೆಳಗಾಗಿತ್ತು. ಬ್ರಿಟನ್ನಿನ ಸಿರಸ್ ಮೇಜರ್ ಎಂಬ ಆ ಎಂಜಿನ್ನಿನಲ್ಲಿ ತಿರುಗುವ ದಂಡ ಮೇಲೆ, ನಾಲ್ಕು ಸಿಲಿಂಡರುಗಳು ಬಾವಲಿಗಳ ಹಾಗೆ ಕೆಳಗೆ. ದಂಡ ಮೇಲಿದ್ದರೆ ಪಂಖವೂ ಮೇಲಾಗಿ ನೆಲಕ್ಕೆ ತಾಗುವುದಿಲ್ಲ. ಮೂತಿ ತಗ್ಗಿ ಪೈಲಟ್ಟಿಗೆ ಮುಂದಿನ ನೋಟ ಸಿಗುತ್ತದೆ. ತೊಂದರೆಯೂ ಅಲ್ಲೇ: ನಿಂತ ಎಂಜಿನ್ನಿನ ಎಣ್ಣೆ ಸಿಲಿಂಡರಿಗೇ ಇಳಿದು ಸೇರುತ್ತದೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲವಾದ್ದರಿಂದ ಹಾಗೇ ಚಾಲೂ ಮಾಡಿದರೆ ರಾಡು ಬಾಗಬಹುದು. ಅದಕ್ಕೇ ಇಂಥ ಎಂಜಿನ್ನುಗಳ ಪಂಖವನ್ನು ಮೊದಲು ಕೈಯಿಂದ ತಿರುಗಿಸಿ ನೋಡುವ ಪದ್ಧತಿ. ಅದೇ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ದುರಸ್ತಿ ಮಾಡಿದ ಅಮೆರಿಕನ್ ವಿಮಾನಗಳಲ್ಲಿ ಸಿಲಿಂಡರುಗಳನ್ನು ಗಾಡಿಚಕ್ರದ ಅರೆಕಾಲುಗಳಂತೆ ಸುತ್ತಲೂ ಜೋಡಿಸಿದ ಎಂಜಿನ್ನುಗಳಿದ್ದವು. ಒಂದೊಂದು ಸುತ್ತಿನಲ್ಲಿ ಏಳೋ ಒಂಬತ್ತೋ, ಬೆಸ ಸಂಖ್ಯೆಯೇ. ಒಂದು ಬಿಟ್ಟು ಒಂದರಂತೆ ಉರಿಸುತ್ತ ಹೋದರೆ 1, 3, 5, 7, 9 ಆದ ಮೇಲೆ 2, 4, 6, 8 ತಾನಾಗಿ ಬಂದು, ಎರಡು ಸುತ್ತಿನಲ್ಲಿ ಎಲ್ಲದರ ಸರದಿಯೂ ಮುಗಿಯುತ್ತದೆ. ಸಮ ಸಂಖ್ಯೆಯಾದರೆ ಈ ಲೆಕ್ಕ ಕೂಡುವುದಿಲ್ಲ.

ಆಕಾರ ಸಾಧಾರಣವೇ ಇದ್ದು ಆಹಾರ ಮಾತ್ರ ವಿಚಿತ್ರವಾದದ್ದೂ ಉಂಟು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದಾಗ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದ ಬಸ್ಸುಗಳ ನೆನಪು ಹಳಬರಲ್ಲಿ ಬಹುಕಾಲ ಉಳಿದಿತ್ತು. ಇದ್ದಿಲನ್ನೋ ಕಟ್ಟಿಗೆಯನ್ನೋ ಸಾಕಷ್ಟು ಗಾಳಿ ಕೊಡದೆ ಬೇಯಿಸಿದರೆ ಉರಿಯುವ ಅನಿಲ ಹೊರಡುತ್ತದೆ. ಅದರಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡು ಮತ್ತು ಜಲಜನಕ ಇರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಈ ಹಳೆಯ ಯುಕ್ತಿಯನ್ನು ಶಾಸ್ತ್ರೀಯವಾಗಿ ತಿದ್ದಿ, ತುಮಕೂರು ಜಿಲ್ಲೆಯ ಹೊಸಹಳ್ಳಿಗೆ 1988ರಲ್ಲಿ ಒಯ್ದರು. ಸುಮಾರು ಮೂವತ್ತೈದು ಮನೆಗಳ, ಕರೆಂಟಿಲ್ಲದ ಊರು. ಅಲ್ಲಿದ್ದದ್ದು ಪಂಪ್‌ಸೆಟ್ಟಿಗೆ ಹಾಕುವಂಥ ಡೀಸೆಲ್ ಎಂಜಿನ್ನೇ. ಆದರೆ ಕಟ್ಟಿಗೆಯ ಅನಿಲ ಅದುಮಿದ ಮಾತ್ರಕ್ಕೆ ಹತ್ತಿಕೊಳ್ಳುವುದಿಲ್ಲ. ಅದಕ್ಕೆ ಒಂದು ಹನಿ ಡೀಸೆಲ್ ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ. ಬೇಕಾದ ಡೀಸೆಲ್ಲಿನ ಬಹುಪಾಲು ಹೀಗೆ ಉಳಿಯಿತು. ಕಟ್ಟಿಗೆಗೆ ಊರಲ್ಲೇ ತೋಪು ಬೆಳೆಸಿದರು. ಮನೆಗೆ ದೀಪ, ನಲ್ಲಿಗೆ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ಪಂಪು ಎಲ್ಲವೂ ಆ ಒಂದು ಎಂಜಿನ್ನಿನಿಂದ ನಡೆದವು. ಹದಿನಾಲ್ಕು ವರ್ಷಕ್ಕೂ ಮೀರಿದ ಅನುಭವವನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅನಿಲದ ಜೊತೆ ಬರುವ ಟಾರನ್ನು ಸೋಸದಿದ್ದರೆ ಎಂಜಿನ್ನಿನ ವಾಲ್ವುಗಳು ಅಂಟಿಕೊಳ್ಳುತ್ತವೆ. ದಿನವೂ ಕಟ್ಟಿಗೆ ಕಡಿದು, ಒಣಗಿಸಿ, ಸೋಸುಕ ತೊಳೆಯುವ ಕೈ ಬೇಕು. ಸ್ವಿಚ್ಚು ಒತ್ತಿದರೆ ಕರೆಂಟು ಬರುವ ಊರುಗಳಲ್ಲಿ ಆ ಕೈಯನ್ನು ಹುಡುಕುವುದು ಕಷ್ಟ.

ಇನ್ನು ಬಿಡದಿಗೆ ಬಂದ ವಂಶದ ಮಾತು. ಅದರ ಮೂಲಪುರುಷ ಜೇಮ್ಸ್ ಅಟ್ಕಿನ್ಸನ್. ಅವನೂ ಒಟ್ಟೊನ ಬೇಲಿ ಹಾರಲು ಹೊರಟವನೇ. ಅವನ ಕಣ್ಣು ಬಿದ್ದದ್ದು ಇನ್ನೊಂದು ಲೋಪದ ಮೇಲೆ. ಒಟ್ಟೊನ ಎಂಜಿನ್ನಿನಲ್ಲಿ ಪಿಸ್ಟನ್ನು ಎಷ್ಟು ದೂರ ಅದುಮುತ್ತದೋ ಅಷ್ಟೇ ದೂರ ಬೆಂಕಿಯಿಂದ ತಳ್ಳಿಸಿಕೊಳ್ಳುತ್ತದೆ. ಹೊಗೆಯ ಬಾಗಿಲು ತೆರೆಯುವಾಗ ಒಳಗಿನ ಅನಿಲದಲ್ಲಿ ಇನ್ನೂ ಕಸುವು ಉಳಿದಿರುತ್ತದೆ, ಅದು ದಂಡ. ಗಾಣಕ್ಕೆ ಒಂದೇ ಸಲ ಕೊಟ್ಟು ಬಿಸಾಡಿದ ಕಬ್ಬಿನ ಸಿಪ್ಪೆಯಲ್ಲಿ ಹಾಲು ಉಳಿದಂತೆ. 1887ರ ತನ್ನ ಎಂಜಿನ್ನಿನಲ್ಲಿ ಅಟ್ಕಿನ್ಸನ್ ಕೀಲು ಸಲಾಕೆಗಳನ್ನು ಜಾಣತನದಿಂದ ಜೋಡಿಸಿ, ದಂಡದ ಒಂದೇ ಸುತ್ತಿನಲ್ಲಿ ನಾಲ್ಕೂ ನಡೆ ಮುಗಿಯುವಂತೆಯೂ, ಎಳೆದುಕೊಳ್ಳುವ ನಡೆಗಿಂತ ದುಡಿಯುವ ನಡೆ ಉದ್ದವಾಗುವಂತೆಯೂ ಮಾಡಿದ. ಇಂಧನ ಉಳಿಯಿತು. ಆದರೆ ಅಷ್ಟೊಂದು ಕೀಲುಗಳನ್ನು ಕಾಪಾಡುವುದು ಯಾರಿಂದ? ಒಟ್ಟೊನ ಪೇಟೆಂಟಿನ ಅವಧಿ ತೀರಿದ ಮೇಲೆ ಎಲ್ಲರೂ ಒಟ್ಟೊನ ದಾರಿಯನ್ನೇ ಹಿಡಿದರು. ಅಟ್ಕಿನ್ಸನ್ ಪುಸ್ತಕದಲ್ಲಿ ಉಳಿದ.

ನೂರು ವರ್ಷ ದಾಟಿದ ಮೇಲೆ, 1997ರಲ್ಲಿ, ಟೊಯೊಟಾದ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನಲ್ಲಿ ಅವನ ತತ್ವ ಮತ್ತೆ ಎದ್ದುಬಂತು. ಕೀಲು ಸಲಾಕೆಗಳಿಲ್ಲ, ಬದಲಿಗೆ ಗಾಳಿ ಬರುವ ವಾಲ್ವನ್ನು ತಡವಾಗಿ ಮುಚ್ಚುತ್ತಾರೆ. ಎಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಪಿಸ್ಟನ್ನು ವಾಪಸು ತಳ್ಳಿ, ಮಿಕ್ಕದ್ದನ್ನು ಮಾತ್ರ ಅದುಮುತ್ತದೆ. ದುಡಿಯುವ ನಡೆ ಪೂರ್ತಿ ಉದ್ದವೇ. ಹೀಗೆ ಮಾಡಿದರೆ ಎಂಜಿನ್ನಿಗೆ ನಿಧಾನದಲ್ಲಿ ಎಳೆತ ಕಡಿಮೆ, ಜಾವಾಕ್ಕಿದ್ದ ಗುಣ ಇದಕ್ಕಿಲ್ಲ. ಆ ಕೊರತೆಯನ್ನು ಬ್ಯಾಟರಿಯ ಮೋಟಾರು ತುಂಬಿಕೊಡುತ್ತದೆ. ಒಂಟಿಯಾಗಿ ಬದುಕಲಾರದೆ ಹೋದ ತತ್ವಕ್ಕೆ ಸಂಗಾತಿ ಸಿಕ್ಕಿದಂತಾಯಿತು. ಇಂಧನದ ಶಕ್ತಿಯಲ್ಲಿ ಶೇಕಡಾ 40ರ ಆಸುಪಾಸು ಕೆಲಸವಾಗಿ ದಕ್ಕುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇದು ಸಣ್ಣ ಸಾಧನೆಯಲ್ಲ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 2013ರಿಂದ ಹೈಬ್ರಿಡ್ ಕ್ಯಾಮ್ರಿ ಜೋಡಣೆ ಶುರುವಾಯಿತು. 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯದೂ ಇದೇ ತತ್ವದ ಎಂಜಿನ್ನು. ಜಾವಾ ಎಂಬ ಹೆಸರೂ 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು, ಯೆಜ್ಡಿ 2022ರಲ್ಲಿ. ಹಳೆಯ ಚೆಲುವನ್ನು ಹೋಲುವ ಟ್ಯಾಂಕಿನ ಕೆಳಗೆ ಈಗಿರುವುದು ನಾಲ್ಕು ನಡೆಯ, ನೀರಿನಿಂದ ತಂಪಾಗುವ, ಒಟ್ಟೊನ ಮನೆತನದ ಎಂಜಿನ್ನೇ.

ಹಳೆಯ ಜಾವಾವನ್ನು ಬಿಚ್ಚಿ ಕಟ್ಟಿದ ಕೈಗಳು ಬಾಡಿಗೆಗೆ ಬರುವ ಹೈಬ್ರಿಡ್ ಇನ್ನೋವಾದ ಬಾನೆಟ್ಟನ್ನೂ ಎತ್ತಿ ನೋಡುತ್ತವೆ. ಅಲ್ಲಿ ಅಟ್ಕಿನ್ಸನ್ನನ ಎಂಜಿನ್ನಿನ ಪಕ್ಕದಲ್ಲೇ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಾಣುತ್ತವೆ. ಬ್ಯಾಟರಿಯಿಂದ ಮೋಟಾರಿಗೆ ಹರಿಯುವ ಹೆಚ್ಚು ವೋಲ್ಟೇಜಿನ ಕರೆಂಟು ಅವುಗಳಲ್ಲಿದೆ, ತರಬೇತಿ ಇಲ್ಲದವರು ಮುಟ್ಟಬಾರದು ಎಂಬುದಕ್ಕೆ ಲೋಕವೆಲ್ಲ ಒಪ್ಪಿಕೊಂಡ ಗುರುತು ಆ ಬಣ್ಣ.